ಯುದ್ಧದ ನಡುವೆ ಚುನಾವಣೆ ಬೇಕಾ? ಉಕ್ರೇನ್‌ ಫೋನ್ ಸಮೀಕ್ಷೆಯ ನನ್ನ ಅನುಭವ

ಬಾಂಬ್ ಬೀಳುವ ಊರಿಗೆ ಫೋನ್ ಮಾಡಿದರೆ ಸರ್ಕಾರದ ಕಡೆಯವರು ಮಾತ್ರ ಮಾತಾಡ್ತಾರೆ, ಉಳಿದವರು ಫೋನ್ ಇಟ್ಟುಬಿಡ್ತಾರೆ ಅಂತ ನಮ್ಮ ಕಸುಬಿನವರೇ ನಕ್ಕಿದ್ದರು. ಪ್ರಶ್ನಾವಳಿ, ವೇಟಿಂಗ್ (ಸಿಕ್ಕ ಉತ್ತರಗಳನ್ನು ದೇಶದ ಜನಸಂಖ್ಯೆಯ ಪ್ರಮಾಣಕ್ಕೆ ಸರಿತೂಗಿಸುವ ಲೆಕ್ಕ) ಎಲ್ಲ ನಾನು ಬೆಂಗಳೂರಲ್ಲಿ ಕೂತು ಮಾಡಿದೆ. ಕರೆ ಮಾಡಿದ್ದು ಕೀವ್‌ನ ತಂಡ.

ಮೊದಲು ಅಗ್ಗ ಅಂತ ಆನ್‌ಲೈನ್ ಪ್ಯಾನೆಲ್, ಅಂದರೆ ಸಮೀಕ್ಷೆಗೆ ಮೊದಲೇ ಹೆಸರು ಕೊಟ್ಟವರ ಪಟ್ಟಿ, ಕೊಂಡೆವು. ಮೂರು ಲಕ್ಷದ ಹತ್ತಿರ ಹೋಯಿತು. ಸಿಕ್ಕವರೆಲ್ಲ ಪಟ್ಟಣದ ಹುಡುಗರು. ಹಳ್ಳಿಯ ಅಜ್ಜಿಯರು ಎಲ್ಲಿ? ಆಮೇಲೆ ರೆಕಾರ್ಡ್ ಮಾಡಿದ ದನಿಯ ಕರೆ. ವಂಚಕರು ಅಂದುಕೊಂಡು ಅರ್ಧ ವಾಕ್ಯಕ್ಕೇ ಕಟ್ ಮಾಡುತ್ತಿದ್ದರು. ಅದಕ್ಕೂ ಒಂದು ಲಕ್ಷದ ಮೇಲೆ.

ಕೊನೆಗೆ ಕೈ ಹಿಡಿದಿದ್ದು ಹಳೇ ದಾರಿಯೇ. ಕಂಪ್ಯೂಟರ್ ಹುಟ್ಟಿಸಿದ ಮೊಬೈಲ್ ನಂಬರು, ಕರೆ ಮಾಡಿ ಮಾತಾಡುವುದು ನಿಜವಾದ ಮನುಷ್ಯ. ಕರೆಂಟ್ ಕಟ್ ವೇಳಾಪಟ್ಟಿ ನೋಡಿಕೊಂಡು ಜಿಲ್ಲೆವಾರು ಸಮಯ ಬದಲಿಸಿದೆವು, ಯಾಕಂದ್ರೆ ಕರೆಂಟ್ ಹೋಗಿ ಕೆಲ ಗಂಟೆಗೆ ಟವರೂ ಸಾಯುತ್ತದೆ. ಸೈರನ್ ಮೊಳಗಿದರೆ ಕರೆ ನಿಲ್ಲಿಸುವುದು, ಮಾರನೇ ದಿನ ಅದೇ ನಂಬರಿಗೆ ಕೀವ್ ತಂಡದ ಅದೇ ಹುಡುಗಿ ಮಾಡುವುದು. ‘ಈಗ ಎಲ್ಲಿದ್ದೀರಿ’ ಅಂತ ಮೊದಲೇ ಕೇಳಿದರೆ ಗೂಢಚಾರ ಅನ್ನೋ ಅನುಮಾನ. 2022ರ ಫೆಬ್ರುವರಿ 24ಕ್ಕೆ, ಅಂದರೆ ರಷ್ಯಾದ ದೊಡ್ಡ ದಾಳಿ ಶುರುವಾದ ದಿನಕ್ಕೆ, ಮುಂಚೆ ಎಲ್ಲಿದ್ದಿರಿ ಅಂತ ಕೇಳಿ, ಸರಾಗವಾಗಿ ಹೇಳ್ತಾರೆ. ಹುಡುಗಿ ಆಡುವ ಮೊದಲ ವಾಕ್ಯ ಏನು ಅಂತ ಮಾತ್ರ ಕೇಳಬೇಡಿ, ಅದು ನಮ್ಮ ಹೊಟ್ಟೆಪಾಡು.

ವೇಟಿಂಗ್ ದೊಡ್ಡ ತಲೆನೋವು. ಆ ದೇಶದ ಕೊನೆಯ ಜನಗಣತಿ 2001ರದ್ದು! ಜಿಲ್ಲೆಗಳಿಗೆ 2019ರ ಚುನಾವಣೆಯ ಮತದಾರರ ಲೆಕ್ಕ ಹಿಡಿದೆ.

ಅಸಲಿ ಕೆಲಸ ಪ್ರಶ್ನೆಯಲ್ಲಿತ್ತು. ಗಿರಾಕಿಗೆ ಬೇಕಿದ್ದದ್ದು ‘ಚುನಾವಣೆ ಬೇಕೋ ಬೇಡವೋ’ ಅಷ್ಟೇ. ಹಾಗೆ ಕೇಳಿದರೆ ‘ಬೇಡ’ ಅಂದವರು ಪ್ರಜಾಪ್ರಭುತ್ವವೇ ಬೇಡ ಅಂದಂತೆ ಕಾಣುತ್ತದೆ. ಮಾರ್ಷಲ್ ಲಾ (ಯುದ್ಧಕಾಲದ ತುರ್ತು ಕಾನೂನು) ಇರುವಾಗ ಅಲ್ಲಿ ಕಾನೂನೇ ಚುನಾವಣೆಗೆ ಬಿಡುವುದಿಲ್ಲ. ಅಧ್ಯಕ್ಷ ಜೆಲೆನ್‌ಸ್ಕಿಯ ಐದು ವರ್ಷದ ಅವಧಿ 2024ರ ಮೇನಲ್ಲೇ ಮುಗಿಯಿತು ಅನ್ನೋದು ಜನಕ್ಕೂ ಗೊತ್ತು. ಹಾಗಾಗಿ ಮೂರು ತುಂಡು ಮಾಡಿದೆ: ಈಗಲೇ, ಕದನವಿರಾಮ ಆಗಿ ಭದ್ರತೆಯ ಖಾತ್ರಿ ಸಿಕ್ಕಮೇಲೆ, ಪೂರ್ತಿ ಶಾಂತಿ ಒಪ್ಪಂದ ಆದಮೇಲೆ. ‘ಈಗಲೇ’ ಅನ್ನುವವರು ಬೆರಳೆಣಿಕೆ. ಭದ್ರತೆ ಅಂದ ಕೂಡಲೇ ಒಂದಷ್ಟು ಜನ ಸಡಿಲವಾಗುತ್ತಾರೆ. ಕೀವ್ ಅಂತರರಾಷ್ಟ್ರೀಯ ಸಮಾಜಶಾಸ್ತ್ರ ಸಂಸ್ಥೆ 2023ರ ಅಕ್ಟೋಬರ್ ಹೊತ್ತಿಗೆ ಕೇಳಿದಾಗ ಶೇ. 81 ಮಂದಿ ಯುದ್ಧ ಮುಗಿಯುವ ತನಕ ಬೇಡ ಅಂದಿದ್ದರು. ನಮ್ಮ ಸಮೀಕ್ಷೆಯ ಗಾಳಿಯೂ ಅದೇ ದಿಕ್ಕಿನದು. ನಕ್ಕವರು ಈಗ ಪ್ರಶ್ನಾವಳಿ ಕಳಿಸಿ ಅಂತಾರೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಅರ್ಧ ಜನಕ್ಕೆ ‘ನಿಮ್ಮ ಅಭಿಪ್ರಾಯ’, ಉಳಿದರ್ಧಕ್ಕೆ ‘ನಿಮ್ಮ ನೆರೆಯವರು ಏನಂತಾರೆ’. ಹೆದರಿಕೆಯಿಂದ ಸುಳ್ಳು ಹೇಳ್ತಿದ್ದರೆ ಎರಡರ ನಡುವೆ ದೊಡ್ಡ ಕಂದಕ ಇರಬೇಕಲ್ವಾ? ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಟ್ರಂಪ್ ಜೆಲೆನ್‌ಸ್ಕಿಗೆ ಶೇ. 4 ಬೆಂಬಲ ಅಂದಾಗ, ಅದೇ ಕೀವ್ ಸಂಸ್ಥೆಯ ಸಮೀಕ್ಷೆ ಶೇ. 57 ಜನ ಅವರನ್ನು ನಂಬುತ್ತಾರೆ ಎಂದಿತ್ತು. ಆ ವಾರ ನಮ್ಮ ಸಮೀಕ್ಷೆಯ ಬಗ್ಗೆ ವಿಚಾರಿಸಿದಷ್ಟು ಜನ ಹಿಂದೆಂದೂ ವಿಚಾರಿಸಿರಲಿಲ್ಲ.

ಖರ್ಚು? ಪೂರ್ತಿ ಆದ ಒಂದು ಸಂದರ್ಶನಕ್ಕೆ ಐನೂರು ರೂಪಾಯಿ ಆಸುಪಾಸು, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ರಷ್ಯಾ ಆಕ್ರಮಿಸಿದ ಪ್ರದೇಶಕ್ಕೆ ಕರೆ ಮಾಡುವುದಿಲ್ಲ, ಉತ್ತರ ಕೊಟ್ಟವರ ಜೀವಕ್ಕೇ ಕುತ್ತು. ಪೋಲೆಂಡ್, ಜರ್ಮನಿಗೆ ಹೋದವರಲ್ಲಿ ಹಳೇ ಸಿಮ್ ಇಟ್ಟುಕೊಂಡವರು ಸಿಗುತ್ತಾರೆ. ಅವರನ್ನು ಬೇರೆ ಕಡತದಲ್ಲಿ ಇಟ್ಟಿದ್ದೇನೆ, ಒಟ್ಟು ಫಲಿತಾಂಶಕ್ಕೆ ಸೇರಿಸಿಲ್ಲ.