ಮಕ್ಕಳ ವಾರ್ಡಿನ ಸಿಸ್ಟರ್‌ಗಳಿಗೆ ನಾನು ಕಲಿಸಿದ ಬಗೆ

ಉತ್ತರ ಕನ್ನಡದಲ್ಲಿ ಕಾಯಿಲೆ ಬಿದ್ದ ಮಗುವನ್ನು ಮಧ್ಯರಾತ್ರಿ ಮೊದಲು ಮುಟ್ಟಿ ನೋಡುವವಳು ನರ್ಸ್. ಮಕ್ಕಳ ಡಾಕ್ಟರ್ ಮನೆಯಿಂದ ಬರಬೇಕು. ಕೆಲವೊಮ್ಮೆ ಆ ಹುದ್ದೆಯೇ ಖಾಲಿ ಇರುತ್ತದೆ. ಮುಂದಕ್ಕೆ ಕಳಿಸೋಣವೆಂದರೆ ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರ್. ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ ಓಡುತ್ತಾರೆ, ಕಾರವಾರದವರು ಗೋವಾದ ಬಾಂಬೋಳಿಯ ದೊಡ್ಡಾಸ್ಪತ್ರೆಗೆ. ಮಳೆಗಾಲದಲ್ಲಿ ಯಾವ ರಸ್ತೆ ಯಾವಾಗ ಮುಚ್ಚುತ್ತದೋ ಹೇಳಲು ಬರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಹಲವು ದಿನ ಬಂದ್ ಆಗಿತ್ತಲ್ಲ, ಆಗ ಕುಮಟಾದಿಂದ ಕಾರವಾರಕ್ಕೆ ಬರುವುದೂ ಸುತ್ತುದಾರಿಯ ಮಾತಾಯಿತು. ಇಂಥ ಜಿಲ್ಲೆಯಲ್ಲಿ ಮಗುವಿನ ಸ್ಥಿತಿ ಎಷ್ಟು ಬಿಗಡಾಯಿಸಿದೆ ಎಂದು ನರ್ಸ್ ತಾನೇ ಅಳೆದು ಹೇಳುವಂತಿರಬೇಕು. ನನ್ನ ತರಬೇತಿಯೆಲ್ಲ ಇದೊಂದರ ಸುತ್ತಲೇ ನಡೆಯುತ್ತದೆ.

ನವಜಾತ ಶಿಶುಗಳ ಘಟಕದಲ್ಲಿ, ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಹೊಸ ನರ್ಸಿಂಗ್ ಆಫೀಸರ್‌ಗಳಿಗೆ ಕಲಿಸುವ ಕೆಲಸ ಆಮೇಲೆ ಬಂತು. ಸಾಮಾನ್ಯವಾಗಿ ತರಬೇತಿ ಎಂದರೆ ಒಂದು ಸಭಾಂಗಣ, ಪರದೆಯ ಮೇಲೆ ಸ್ಲೈಡು, ಮಧ್ಯಾಹ್ನ ಊಟ, ಸಂಜೆ ಸರ್ಟಿಫಿಕೇಟು. ಅದರಿಂದ ವಿಷಯ ಗೊತ್ತಾಗುತ್ತದೆ, ಆದರೆ ಕೈ ಪಳಗುವುದಿಲ್ಲ. ನಾನು ಹಾಸಿಗೆಯ ಪಕ್ಕದಲ್ಲೇ, ನಾಲ್ಕೈದು ಜನರ ಗುಂಪಿಗೆ, ಅವರವರ ಡ್ಯೂಟಿ ವೇಳೆಯಲ್ಲೇ ಕಲಿಸತೊಡಗಿದೆ. ರಾತ್ರಿ ಪಾಳಿಯವರಿಗೆ ರಾತ್ರಿಯೇ. ಆ ಹೊತ್ತಿನಲ್ಲಿ ಸ್ಟೋರ್ ರೂಮಿಗೆ ಬೀಗ, ಒಬ್ಬಳೇ ಸಿಸ್ಟರ್, ಒಬ್ಬಳು ಆಯಾ. ಹಗಲಲ್ಲಿ ಕಲಿತದ್ದು ಅಲ್ಲಿ ನಡೆಯುತ್ತದೋ ಇಲ್ಲವೋ ಅಲ್ಲೇ ನಿಂತು ನೋಡಬೇಕು.

ಮೊದಲ ಪಾಠ ಉಸಿರು ಎಣಿಸುವುದು. ಇದಕ್ಕೆ ನಾನು ಕೊಡುವಷ್ಟು ಸಮಯ ಬೇರೆ ಯಾವುದಕ್ಕೂ ಕೊಡುವುದಿಲ್ಲ. ಕೇಸ್ ಶೀಟು ತೆಗೆದು ನೋಡಿದರೆ ಎಲ್ಲ ಮಕ್ಕಳದೂ ಒಂದೇ ಉಸಿರಿನ ಸಂಖ್ಯೆ ಬರೆದಿರುತ್ತದೆ, ಅಂದರೆ ಯಾರೂ ಎಣಿಸಿಲ್ಲ. ಮಗು ತಾಯಿಯ ಮಡಿಲಲ್ಲೇ ಇರಲಿ, ಅಳುತ್ತಿದ್ದರೆ ಸಮಾಧಾನ ಆಗುವವರೆಗೆ ಕಾಯಿರಿ. “ತಂಗೀ, ಅಂಗಿ ಸ್ವಲ್ಪ ಮೇಲೆ ಮಾಡು, ಕೂಸನ್ನ ಹಾಗೇ ಹಿಡ್ಕೊ” ಎಂದು ಹೇಳಿ, ಹೊಟ್ಟೆ ಮತ್ತು ಪಕ್ಕೆ ಎರಡೂ ಕಾಣುವಂತೆ ಕೂತು, ಗಡಿಯಾರದ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಮಕ್ಕಳಲ್ಲಿ ಸಲ್ಲದು, ಅದರಲ್ಲೂ ಎಳೆಗೂಸಿನ ಉಸಿರು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರು. ಅದರ ಜೊತೆಗೆ ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋಗುತ್ತಿದೆಯೇ ನೋಡಬೇಕು. ಇಬ್ಬರು ಸಿಸ್ಟರ್‌ಗಳು ಒಂದೇ ಮಗುವಿನ ಉಸಿರನ್ನು ಒಬ್ಬರಿಗೊಬ್ಬರು ಹೇಳದೆ ಎಣಿಸಿ ಚೀಟಿಯಲ್ಲಿ ಬರೆಯುತ್ತಾರೆ, ಮೂರನೇ ಚೀಟಿ ನನ್ನದು. ಮೂರೂ ಹತ್ತಿರ ಬರುವವರೆಗೆ ಮುಂದಿನ ಪಾಠಕ್ಕೆ ಹೋಗುವುದಿಲ್ಲ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪಲ್ಸ್ ಆಕ್ಸಿಮೀಟರ್ ಬಂದ ಮೇಲೆ ಎಣಿಕೆ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಗುವಿನ ಕೈ ತಣ್ಣಗಿದ್ದರೆ, ಕಾಲು ಒದೆಯುತ್ತಿದ್ದರೆ, ದೊಡ್ಡವರ ಪ್ರೋಬನ್ನೇ ಹಾಕಿದ್ದರೆ ಅದು ತೋರಿಸುವ ಅಂಕಿ ನಂಬಲು ಬರುವುದಿಲ್ಲ. ಅದು ತೋರಿಸುವ ನಾಡಿಬಡಿತವೂ ನೀವು ಸ್ಟೆತಸ್ಕೋಪಿನಲ್ಲಿ ಎಣಿಸಿದ್ದೂ ಹೊಂದಿದರೆ ಮಾತ್ರ ಸ್ಯಾಚುರೇಷನ್, ಅಂದರೆ ಆಮ್ಲಜನಕದ ಶೇಕಡಾ ಪ್ರಮಾಣ, ಬರೆಯಿರಿ. ರಕ್ತದೊತ್ತಡವೂ ಹಾಗೆಯೇ, ತೋಳಿಗೆ ದೊಡ್ಡವರ ಕಫ್ (ಬಿಪಿ ಪಟ್ಟಿ) ಸುತ್ತಿದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಎರಡನೆಯದು ತೂಕ. ಮಕ್ಕಳ ಔಷಧದ ಲೆಕ್ಕವೆಲ್ಲ ತೂಕದ ಮೇಲೆ ನಿಂತಿದೆ. ಬಂದ ಮಗುವನ್ನು ತೂಗದೆ ಬೆಡ್ ಕೊಡಬೇಡಿ ಎನ್ನುತ್ತೇನೆ. ಮೇಜಿನ ಮೇಲೆ ಪ್ಯಾರಾಸಿಟಮಾಲ್‌ನ ಮೂರು ಬಾಟಲಿ ಇಡುತ್ತೇನೆ: 5 ಮಿಲಿಗೆ 125 ಮಿ.ಗ್ರಾಂ ಇರುವುದು, 5 ಮಿಲಿಗೆ 250 ಇರುವುದು, ಒಂದೇ ಮಿಲಿಗೆ 100 ಇರುವ ಡ್ರಾಪ್ಸ್. ಹತ್ತು ಕಿಲೋ ಮಗುವಿಗೆ ಕಿಲೋಗೆ 15ರಂತೆ 150 ಮಿ.ಗ್ರಾಂ ಬೇಕು. ಮೊದಲನೆಯದರಲ್ಲಿ 6 ಮಿಲಿ, ಎರಡನೆಯದರಲ್ಲಿ 3 ಮಿಲಿ, ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿ. ಸಿರಿಂಜಿನಲ್ಲಿ ಎಳೆದು ಮೂರನ್ನೂ ಪಕ್ಕಪಕ್ಕ ಇಟ್ಟಾಗ ಕೋಣೆ ಗಪ್‌ಚಿಪ್ ಆಗುತ್ತದೆ. ಬಾಟಲಿ ಬದಲಾದರೆ ಎಷ್ಟು ಅನಾಹುತ ಎಂದು ಮತ್ತೆ ಬಾಯಿಬಿಟ್ಟು ಹೇಳಬೇಕಾಗಿಲ್ಲ. “ಒಂದು ಚಮಚೆ ಹಾಕಿ” ಎಂದು ತಾಯಿಗೆ ಹೇಳುವುದನ್ನು ನಮ್ಮ ಸಿಸ್ಟರ್‌ಗಳು ಬಿಟ್ಟಿದ್ದಾರೆ. ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡುತ್ತಾರೆ.

ಡ್ರಿಪ್ಪಿನ ಲೆಕ್ಕದಲ್ಲೂ ಎಡವುವವರು ಬಹಳ. ಮಕ್ಕಳ ಸಣ್ಣ ಹನಿಯ ಡ್ರಿಪ್ ಸೆಟ್ಟಿನಲ್ಲಿ 60 ಹನಿಗೆ ಒಂದು ಮಿಲಿ, ಹಾಗಾಗಿ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ. ಇದು ನೆನಪಿದ್ದರೆ ಅರ್ಧ ಭಯ ಹೋಗುತ್ತದೆ. ಆದರೆ ಭೇದಿಯಿಂದ ತೀರಾ ನೀರು ಕಳೆದುಕೊಂಡ ಆರು ಕಿಲೋ ಹಸುಗೂಸು ಬಂತು ಅನ್ನಿ. ಮೊದಲ ಗಂಟೆಯಲ್ಲಿ ಕಿಲೋಗೆ 30ರಂತೆ 180 ಮಿಲಿ ಹೋಗಬೇಕು. ನಿಮಿಷಕ್ಕೆ 180 ಹನಿ ಯಾರಿಗೂ ಎಣಿಸಲಾಗದು. ಆಗ 20 ಹನಿಗೆ ಒಂದು ಮಿಲಿ ಬೀಳುವ ಮಾಮೂಲಿ ಸೆಟ್ ಹಾಕಿ ನಿಮಿಷಕ್ಕೆ 60 ಹನಿ ಬಿಡಬೇಕು. ಮುಂದಿನ ಐದು ಗಂಟೆಗೆ ಕಿಲೋಗೆ 70ರ ಲೆಕ್ಕ, ಗಂಟೆಗೆ 84 ಮಿಲಿ, ಆಗ ಮತ್ತೆ ಸಣ್ಣ ಹನಿಯ ಸೆಟ್ಟಿಗೆ ಬರಬಹುದು. ತೀರಾ ಸೊರಗಿದ, ಅಪೌಷ್ಟಿಕತೆಯ ಮಗುವಿಗೆ ಈ ಲೆಕ್ಕ ಅಲ್ಲ, ಅಷ್ಟು ವೇಗದ ನೀರು ಅದರ ಹೃದಯ ತಡೆಯುವುದಿಲ್ಲ. ಹಾಗಾಗಿ ಡ್ರಿಪ್ ಹಚ್ಚುವ ಮೊದಲು ಮಗುವಿನ ತೋಳು ಮುಟ್ಟಿ ನೋಡಿ ಎಂದು ಹೇಳುತ್ತಲೇ ಇರುತ್ತೇನೆ.

ಭೇದಿಗೆ ಕೊಡುವ ಓಆರ್‌ಎಸ್, ಝಿಂಕ್ ವಿಷಯ ಎಲ್ಲರಿಗೂ ಗೊತ್ತಿದೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂದು ಲೀಟರಿನ ಪಾಕೀಟನ್ನು ಲೋಟದಲ್ಲಿ ಅರ್ಧರ್ಧ ಕಲಸಬೇಡಿ ಎಂದಷ್ಟೇ.

ಮಳೆ ಶುರುವಾದರೆ ಡೆಂಗಿ ಮಕ್ಕಳು ಬರುತ್ತಾರೆ. ಇದನ್ನು ಕಲಿಸುವಾಗ ನನಗೆ ಗಂಟಲು ಕಟ್ಟುತ್ತದೆ. ಯಾಕೆಂದರೆ ಇಲ್ಲಿ ಸಮಾಧಾನವೇ ಶತ್ರು. ನಾಲ್ಕೈದು ದಿನ ಕಾದ ಜ್ವರ ಇಳಿಯುತ್ತದೆ, ತಂದೆತಾಯಿ ನಿರಾಳವಾಗುತ್ತಾರೆ, ವಾರ್ಡೂ ನಿರಾಳವಾಗುತ್ತದೆ. ರಕ್ತನಾಳದಿಂದ ನೀರು ಸೋರಿ ಮಗು ಶಾಕ್‌ಗೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಗೆ, ಹೋಗುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಜ್ವರವಿಲ್ಲ, ಆದರೆ ಕೈಕಾಲು ತಣ್ಣಗಿದೆ. ಹೊಟ್ಟೆನೋವು ಅನ್ನುತ್ತಿದೆ, ಮತ್ತೆ ಮತ್ತೆ ವಾಂತಿ, ಮಂಕಾಗಿ ಮಲಗಿದೆ. ಉಗುರನ್ನು ಒತ್ತಿ ಬಿಟ್ಟರೆ ಬಣ್ಣ ಬರಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತಿದೆ. ಮೇಲಿನ ಬಿಪಿ, ಕೆಳಗಿನ ಬಿಪಿ ನಡುವಿನ ಅಂತರ 20ಕ್ಕೆ ಇಳಿದಿದೆ. ಇಷ್ಟು ಕಂಡರೆ ಬೆಳಗಿನ ರೌಂಡ್ಸಿಗೆ ಕಾಯುವ ಮಾತೇ ಇಲ್ಲ. ಜ್ವರ ಬಿಟ್ಟ ಮೇಲೆ ಒಂದೆರಡು ದಿನ ಆ ಮಗುವನ್ನು ಇನ್ನೂ ಹತ್ತಿರದಿಂದ ನೋಡಬೇಕು, ಮೂತ್ರ ಹೋದ ಹೊತ್ತು ಬರೆದಿಡಬೇಕು.

ಡಾಕ್ಟರಿಗೆ ಫೋನ್ ಮಾಡುವುದನ್ನೂ ನಾನು ಕಲಿಸುತ್ತೇನೆ. “ಸರ್, ಮಗೂಗೆ ಸ್ವಲ್ಪ ದಮ್ಮು ಇದೆ, ಏನ್ ಮಾಡ್ಲಿ?” ಎಂದು ಕೇಳಿದರೆ ನಿದ್ದೆಗಣ್ಣಿನ ಡಾಕ್ಟರು “ನೆಬ್ಯುಲೈಸೇಷನ್ ಕೊಡಿ, ನೋಡೋಣ” ಎನ್ನುತ್ತಾರೆ. ಅದನ್ನೇ ಹೀಗೆ ಹೇಳಬೇಕು: “ಸರ್, ಎಂಟು ತಿಂಗಳ ಮಗು, ಏಳು ಕಿಲೋ. ಎರಡು ದಿನದಿಂದ ಕೆಮ್ಮು. ಉಸಿರು ನಿಮಿಷಕ್ಕೆ 68, ಪಕ್ಕೆ ಒಳಗೆ ಹೋಗ್ತಿದೆ. ಸ್ಯಾಚುರೇಷನ್ 87 ಇತ್ತು, ಒಂದು ಲೀಟರ್ ಆಕ್ಸಿಜನ್ ಹಚ್ಚಿದ ಮೇಲೆ 94. ಸಂಜೆಯಿಂದ ಹಾಲು ಕುಡ್ದಿಲ್ಲ. ನೀವು ಬರ್ಬೇಕು.” ಕೊನೆಯ ಎರಡು ಶಬ್ದ ಹೇಳಲು ನಮ್ಮ ಹುಡುಗಿಯರು ಹಿಂಜರಿಯುತ್ತಾರೆ. ಒಬ್ಬರು ಡಾಕ್ಟರಾಗಿ, ಒಬ್ಬರು ಸಿಸ್ಟರಾಗಿ ಆಡಿ ಆಡಿ ನಾಲಿಗೆಗೆ ರೂಢಿ ಮಾಡಿಸುತ್ತೇನೆ.

ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದ ಸಿಸ್ಟರ್‌ಗಳಿಗೆ ಕೊಂಕಣಿ ಬರುವುದಿಲ್ಲ, ಮೀನುಗಾರರ ಮನೆಯ ಅಜ್ಜಿಯರಿಗೆ ಇವರ ಕನ್ನಡ ತಿಳಿಯುವುದಿಲ್ಲ. ನಮ್ಮ ಆಯಾಗಳೇ ಇವರಿಗೆ ಹಾಲು, ಮೂತ್ರ, ಫಿಟ್ಸ್ ಬಗ್ಗೆ ಕೇಳುವ ಮಾತುಗಳನ್ನು ಕಲಿಸಿದರು. ತಾಯಿ “ಇವತ್ತು ಎಂದಿನ ಹಾಗಿಲ್ಲ ಇದು” ಎಂದರೆ ಕೇಸ್ ಶೀಟಿನಲ್ಲಿ ಅದನ್ನು ಹಾಗೆಯೇ ಬರೆಯಬೇಕೆಂಬುದು ನನ್ನ ಕಟ್ಟಪ್ಪಣೆ.

ನನಗಿರುವ ದೊಡ್ಡ ಬೇಸರ ಡ್ಯೂಟಿ ಪಟ್ಟಿಯದು. ಒಂದು ಆಸ್ಪತ್ರೆಯಲ್ಲಿ ಎಳೆಗೂಸಿನ ರಕ್ತನಾಳಕ್ಕೆ ಐವಿ ಹಾಕುವುದು, ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ಸಿ-ಪ್ಯಾಪ್ ಹಚ್ಚುವುದು ಎಲ್ಲ ಚೆನ್ನಾಗಿ ಕಲಿತ ಸಿಸ್ಟರನ್ನು ತಿಂಗಳೊಪ್ಪತ್ತಿನಲ್ಲೇ ಆಪರೇಷನ್ ಥಿಯೇಟರಿಗೆ ಹಾಕಿದರು. ತರಬೇತಾದವರನ್ನು ಎರಡು ವರ್ಷವಾದರೂ ಮಕ್ಕಳ ವಾರ್ಡಿನಲ್ಲೇ ಇಡಿ ಎಂದು ನಾನು ಹೋದಲ್ಲೆಲ್ಲ ಕೇಳುತ್ತೇನೆ. ಕೆಲವರು ಕೇಳಿಸಿಕೊಂಡಿದ್ದಾರೆ.

ಕೊನೆಯ ಪಾಠ ಆಂಬುಲೆನ್ಸಿನದು. ಹೊರಡುವ ಮೊದಲು ರಕ್ತದ ಸಕ್ಕರೆ ನೋಡಬೇಕು. ಆಕ್ಸಿಜನ್ನಿನ ಬಿ ಟೈಪ್ ಸಿಲಿಂಡರ್ ತುಂಬಿದ್ದಾಗ ಸುಮಾರು ಒಂದೂವರೆ ಸಾವಿರ ಲೀಟರ್ ಇರುತ್ತದೆ. ಮುಳ್ಳು ಅರ್ಧಕ್ಕಿದ್ದರೆ 750. ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಎರಡೂವರೆ ಗಂಟೆ ಬರುತ್ತದೆ. ಶಿರಸಿಯಿಂದ ಹುಬ್ಬಳ್ಳಿಗೆ ಅದು ಅಂತೂ ಇಂತೂ ಸಾಕಾದೀತು, ಆದರೆ ದಾರಿಯಲ್ಲಿ ಮರವೊಂದು ಬಿದ್ದಿದ್ದರೆ ಮುಗಿಯಿತು. ಎರಡನೇ ಸಿಲಿಂಡರ್ ಹತ್ತಿಸದೆ ಗೇಟು ದಾಟಬೇಡಿ. ಎಳೆಗೂಸಿಗೆ ಇನ್‌ಕ್ಯುಬೇಟರ್ ಇಲ್ಲವೆಂದು ಬರೀ ಬಟ್ಟೆ ಸುತ್ತಿ ಕಳಿಸಬಾರದು. ಉಸಿರಾಟ ಸ್ಥಿರವಾಗಿದ್ದರೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ, ತಲೆಗೆ ಟೊಪ್ಪಿಗೆ ಹಾಕಿ ಕಳಿಸಬೇಕು. ತಲುಪುವಾಗ ಮೈಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಇರಬೇಕು.

ಕಳಿಸಿದ ಮಗು ಏನಾಯಿತು ಎಂದು ಮರುದಿನ ಅಲ್ಲಿನ ಸಿಸ್ಟರ್‌ಗೆ ಫೋನ್ ಮಾಡಿ ಕೇಳುವುದನ್ನೂ ತರಬೇತಿಯಲ್ಲಿ ಸೇರಿಸಿದ್ದೇನೆ. ತಲುಪಿದಾಗ ಮೈಶಾಖ ಎಷ್ಟಿತ್ತು, ಸಕ್ಕರೆ ಎಷ್ಟಿತ್ತು, ಐವಿ ಸರಿಯಾಗಿ ಕೂತಿತ್ತೇ ಎಂದು ಕೇಳಿ, ನಮ್ಮ ರಿಜಿಸ್ಟರಿನಲ್ಲಿ ಆ ಮಗುವಿನ ಹೆಸರಿನ ಮುಂದೆ ಬರೆಯುತ್ತಾರೆ. ಮುಂದಿನ ಗುಂಪಿಗೆ ನಾನು ಪಾಠ ಶುರು ಮಾಡುವುದು ಆ ಪುಟದಿಂದ.