ಕುಲುಮೆಯ ದೂಳು ಮಗುವಿನ ಬಾಯಿ ಸೇರದಂತೆ ತಡೆಯುವುದು ಹೇಗೆ?

ಗಾಳಿಯ ಮಾಲಿನ್ಯ ಎಂದೊಡನೆ ನಮಗೆ ನೆನಪಾಗುವುದು ಮೂಗು, ಕೆಮ್ಮು, ಶ್ವಾಸಕೋಶ. ಲೋಹದ ದೂಳಿನ ದಾರಿ ಬೇರೆ. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕುಲುಮೆಯಿಂದ ಹೊರಟ ಕಣ ಗಾಳಿಯಲ್ಲಿ ತೇಲಿಬಂದು ಅಂಗಳಕ್ಕೆ, ಕಿಟಕಿಯ ಕಟ್ಟೆಗೆ, ಮನೆಯ ನೆಲಕ್ಕೆ ಇಳಿಯುತ್ತದೆ. ಅದೇ ನೆಲದ ಮೇಲೆ ಮಗು ಅಂಬೆಗಾಲಿಡುತ್ತದೆ, ಅದೇ ಕೈಯನ್ನು ಬಾಯಿಗಿಡುತ್ತದೆ.

ಸೀಸ ಕೊಳೆತು ಇಲ್ಲವಾಗುವ ವಸ್ತುವಲ್ಲ. ಕುಲುಮೆ ಮುಚ್ಚಿ ವರ್ಷಗಳು ಕಳೆದರೂ ಅದು ಸುತ್ತಲಿನ ಮಣ್ಣಿನಲ್ಲಿ ಉಳಿದಿರುತ್ತದೆ. ನುಂಗಿದ ಸೀಸವನ್ನು ಪುಟ್ಟ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಅದು ಬೆಳೆಯುತ್ತಿರುವ ಮೆದುಳನ್ನು ಕಾಡುತ್ತದೆ. ಗಮನ ಚದುರುತ್ತದೆ, ಕಲಿಕೆ ಕುಂಠಿತವಾಗುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮೊದಲು ಸುತ್ತಮುತ್ತ ನೋಡಿ

ಮನೆ ಅಥವಾ ಅಂಗನವಾಡಿಯ ಹತ್ತಿರ ಒಡೆದ ಬ್ಯಾಟರಿಗಳ ಕಪ್ಪು ಪ್ಲಾಸ್ಟಿಕ್ ರಾಶಿ ಬಿದ್ದಿದೆಯೇ? ಆ್ಯಸಿಡ್ ವಾಸನೆ ಬರುತ್ತದೆಯೇ? ರಾತ್ರಿ ಮಾತ್ರ ಹೊಗೆ ಏಳುವ ಶೆಡ್ ಇದೆಯೇ? ತಾರೀಖು, ಹೊತ್ತು, ಗಾಳಿ ಬೀಸುವ ದಿಕ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಒಳನಾಡಿನಲ್ಲಿ ಮಳೆಗಾಲದ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಚಳಿಗಾಲದ್ದು ಪೂರ್ವದಿಂದ ಬೀಸುತ್ತದೆ. ಯಾವ ಕಾಲದಲ್ಲಿ ಯಾವ ಕಡೆಯ ಕಿಟಕಿ ಮುಚ್ಚಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ.

ಮೊಬೈಲಿನಲ್ಲಿ ಗಾಳಿಯ ಗುಣಮಟ್ಟ ಹಸಿರು ಬಣ್ಣದಲ್ಲಿ ಕಂಡಿತೆಂದು ನೆಮ್ಮದಿ ಪಡಬೇಡಿ. ಭಾರತದ ವಾಯು ಗುಣಮಟ್ಟ ಸೂಚ್ಯಂಕದ ಎಂಟು ಮಾಲಿನ್ಯಕಾರಕಗಳಲ್ಲಿ ಸೀಸವೂ ಸೇರಿದೆ, ನಿಜ. ಆದರೆ ಸೀಸವನ್ನು ಅಳೆಯಲು ದೂಳನ್ನು ಶೋಧಕ ಹಾಳೆಯ ಮೇಲೆ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಆ ಕ್ಷಣದ ಅಂಕಿಯಲ್ಲಿ ಅದು ಕಾಣುವುದಿಲ್ಲ.

ಒಣ ಪೊರಕೆ ಬೇಡ

ಅಂಗಳ ಗುಡಿಸುವ ಮೊದಲು ನೀರು ಚಿಮುಕಿಸುವುದು ನಮ್ಮ ಅಜ್ಜಿಯಂದಿರ ರೂಢಿ. ಮನೆಯೊಳಗೂ ಅದೇ ತತ್ವ ಬೇಕು. ಒಣ ಪೊರಕೆ ಆಡಿಸಿದರೆ ಕೂತಿದ್ದ ದೂಳು ಮತ್ತೆ ಎದ್ದು ಮಗುವಿನ ಮುಖದ ಮಟ್ಟಕ್ಕೆ ಬರುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಸೋಪಿನ ನೀರಿರಲಿ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೊದಲು ಕಿಟಕಿಯ ಕಟ್ಟೆ ಮತ್ತು ಸರಳು, ಆಮೇಲೆ ಕಪಾಟಿನ ಮೇಲ್ಭಾಗ, ಕೊನೆಗೆ ನೆಲ ಒರೆಸಿ. ಕೊಳೆನೀರನ್ನು ಶೌಚಾಲಯಕ್ಕೆ ಸುರಿಯಿರಿ. ಅಂಗಳಕ್ಕೋ ಗಿಡಕ್ಕೋ ಚೆಲ್ಲಿದರೆ ಅದು ಮರಳಿ ಮನೆಗೇ ಬರುತ್ತದೆ.

ಚಪ್ಪಲಿ ಹೊಸ್ತಿಲಾಚೆ ಬಿಡುವುದು, ಹೊರಗಿನಿಂದ ಬಂದೊಡನೆ ಕಾಲು ತೊಳೆಯುವುದು ಮತ್ತೆ ಮನೆಯ ನಿಯಮವಾಗಲಿ. ಮಗುವಿನ ಉಗುರು ಗಿಡ್ಡವಿರಲಿ. ಊಟಕ್ಕೆ ಮೊದಲು, ಮಲಗುವ ಮೊದಲು, ಆಟವಾಡಿ ಬಂದಾಗ ಸೋಪು ಹಚ್ಚಿ ಸುರಿಯುವ ನೀರಿನಲ್ಲಿ ಕೈ ತೊಳೆಸಿ. ಸ್ಯಾನಿಟೈಸರ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆಯೇ ಹೊರತು ಲೋಹವನ್ನು ತೆಗೆಯುವುದಿಲ್ಲ. ಹಪ್ಪಳ, ಸಂಡಿಗೆ, ಮಗುವಿನ ಬಟ್ಟೆಗಳನ್ನು ಕುಲುಮೆಯ ಕಡೆಯ ತಾರಸಿಯಲ್ಲಿ ಒಣಗಿಸಬೇಡಿ. ಆಟದ ಜಾಗದ ಬರಿಮಣ್ಣಿನ ಮೇಲೆ ಹುಲ್ಲು ಬೆಳೆಸಿ, ಇಲ್ಲವೇ ಕಲ್ಲು ಹಾಸಿ.

ಅಪ್ಪ ಅಂಥ ಕುಲುಮೆಯಲ್ಲೋ ಬ್ಯಾಟರಿ ಅಂಗಡಿಯಲ್ಲೋ ದುಡಿಯುವವರಾದರೆ ಕೆಲಸದ ಜಾಗದಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬರಬೇಕು. ಆ ಬಟ್ಟೆಗಳನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬಾರದು. ದಿನವೆಲ್ಲ ಕಾದ ಮಗು ಬಾಗಿಲಲ್ಲೇ ಅಪ್ಪನನ್ನು ತಬ್ಬಿಕೊಳ್ಳುತ್ತದೆ. ಅದನ್ನು ತಡೆಯಿರಿ ಎಂದು ಬರೆಯುವುದು ಕಷ್ಟ. ಆದರೂ ಸ್ನಾನವಾಗುವವರೆಗೆ ತಡೆಯಲೇಬೇಕು.

ತಟ್ಟೆಯಲ್ಲಿ ಏನಿರಬೇಕು?

ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಿರುವ ದೇಹ ಸೀಸವನ್ನು ಹೆಚ್ಚು ಹೀರುತ್ತದೆ. ಹೊಟ್ಟೆ ಖಾಲಿಯಿದ್ದರೆ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ರಾಗಿ, ಹಾಲು, ಮೊಟ್ಟೆ, ಕಾಳು, ಸೊಪ್ಪು ಕೊಡಿ. ಮೇಲೊಂದಿಷ್ಟು ನಿಂಬೆರಸ ಹಿಂಡಿ. ಸೊಪ್ಪು ಮಾತ್ರ ಕುಲುಮೆಯ ಬದಿಯ ಹಿತ್ತಲಿನದ್ದಾಗಬಾರದು. ಬೆಲ್ಲ ತಿಂದರೆ ದೂಳು ಇಳಿದುಹೋಗುತ್ತದೆ ಎಂಬ ನಂಬಿಕೆಯನ್ನು ಬಿಡಿ. ಒಳಸೇರಿದ ಸೀಸವನ್ನು ಬೆಲ್ಲ ಹೊರಹಾಕುವುದಿಲ್ಲ.

ಲಕ್ಷಣಕ್ಕೆ ಕಾಯದೆ ರಕ್ತ ಪರೀಕ್ಷೆ ಮಾಡಿಸಿ

ರಕ್ತದಲ್ಲಿ ಸೀಸ ಏರಿದ ಬಹುಪಾಲು ಮಕ್ಕಳಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಮಕ್ಕಳ ವೈದ್ಯರಿಗೆ ಕುಲುಮೆಯ ವಿಷಯವನ್ನು ನೀವೇ ಹೇಳಿ, ಸೀಸದ ಪರೀಕ್ಷೆ ಬರೆಸಿಕೊಳ್ಳಿ. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ದೂಳು ಬೆರೆತು ಲೆಕ್ಕ ತಪ್ಪಬಹುದು, ಆದ್ದರಿಂದ ರಕ್ತನಾಳದಿಂದಲೇ ತೆಗೆಸಿ. ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೂಲವನ್ನು ಹುಡುಕಿ ತಪ್ಪಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. 45 ದಾಟಿದರೆ ಸೀಸವನ್ನು ಹೊರಹಾಕುವ ಔಷಧಿ ಬೇಕಾಗುತ್ತದೆ. ಅದು ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆ, ಜಾಹೀರಾತು ನೋಡಿ ತರುವ ಪುಡಿಯಲ್ಲ.

ಮಂಡಳಿಗೆ ಬರೆಯಿರಿ

ಮನೆ ಒರೆಸಿದರಷ್ಟೇ ಸಾಲದು. ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪಿರಿ ಊರಿನಲ್ಲಿ 1889ರಿಂದ ಸೀಸ ಕರಗಿಸುತ್ತಿದ್ದಾರೆ. ಅಲ್ಲಿ 1984ರಲ್ಲಿ ಮಕ್ಕಳಿಗಾಗಿ ಕಾರ್ಯಕ್ರಮವೊಂದು ಆರಂಭವಾಯಿತು, ಮನೆಗಳನ್ನು ಶುಚಿಗೊಳಿಸಲಾಯಿತು. ಕಾರ್ಖಾನೆಯಿಂದ ಹಾರಿಬಂದ ದೂಳು ಮತ್ತೆ ಅವೇ ಮನೆಗಳಲ್ಲಿ ಕೂತಿತು. ಅಮೆರಿಕದ ಐಡಹೊ ರಾಜ್ಯದ ಕೆಲಾಗ್ ಊರಿನದ್ದು ಇನ್ನೂ ಘೋರ. 1973ರಲ್ಲಿ ಅಲ್ಲಿನ ಸೀಸದ ಕಾರ್ಖಾನೆಯ ದೂಳು ಸೋಸುವ ಬಟ್ಟೆಚೀಲಗಳ ಕಟ್ಟಡಕ್ಕೆ ಬೆಂಕಿ ಬಿದ್ದು ಭಾರಿ ಹಾನಿಯಾಯಿತು. ಕೆಲಸ ನಿಲ್ಲಿಸಲಿಲ್ಲ. ಮರುವರ್ಷ ಪರೀಕ್ಷಿಸಿದಾಗ ಒಂದು ಮೈಲಿಯೊಳಗಿನ ಬಹುತೇಕ ಎಲ್ಲ ಮಕ್ಕಳ ರಕ್ತದಲ್ಲೂ ಸೀಸ 40 ಮೈಕ್ರೊಗ್ರಾಂ ಮುಟ್ಟಿತ್ತು.

ಕಾರ್ಖಾನೆಯ ಸೋಸುಬಟ್ಟೆ ಮಾಡಬೇಕಾದ ಕೆಲಸವನ್ನು ತಾಯಿಯ ನೆಲ ಒರೆಸುವ ಬಟ್ಟೆಯ ಮೇಲೆ ಹೊರಿಸುವುದು ಅನ್ಯಾಯ. ಮೇಲೆ ಹೇಳಿದ್ದೆಲ್ಲ ಆ ಸೋಸುಬಟ್ಟೆ ಸರಿಯಾಗುವವರೆಗಿನ ರಕ್ಷಣೆ ಮಾತ್ರ.

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಮ್ಮ ಭಾಗದ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟ್‌ಬುಕ್ಕಿನ ಪುಟಗಳ ನಕಲು ಲಗತ್ತಿಸಿ. ಮನೆಯ ಹತ್ತಿರದ ಗಾಳಿಯಲ್ಲಿ ಸೀಸ ಎಷ್ಟಿದೆಯೆಂದು ಅಳೆಯುವಂತೆ ಸ್ಪಷ್ಟವಾಗಿ ಕೇಳಿ. 2009ರ ರಾಷ್ಟ್ರೀಯ ಮಾನದಂಡದಂತೆ ಅದು ಘನ ಮೀಟರಿಗೆ 24 ಗಂಟೆಯ ಸರಾಸರಿಯಲ್ಲಿ 1 ಮೈಕ್ರೊಗ್ರಾಂ, ವಾರ್ಷಿಕ ಸರಾಸರಿಯಲ್ಲಿ 0.5 ಮೈಕ್ರೊಗ್ರಾಂ ಮೀರಬಾರದು. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯಡಿ ಎರಡು ದಾಖಲೆ ಕೇಳಿ: ಆ ಘಟಕಕ್ಕೆ ಕೊಟ್ಟ ಅನುಮತಿ ಪತ್ರ ಮತ್ತು ಅದರ ಚಿಮಣಿಯ ಹೊಗೆಯ ತಪಾಸಣಾ ವರದಿ. 30 ದಿನಗಳೊಳಗೆ ಉತ್ತರ ಬರಬೇಕು. ದೂರಿನ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಅಥವಾ ನಗರಸಭೆಗೆ, ಶಾಲೆಯ ಮುಖ್ಯೋಪಾಧ್ಯಾಯರಿಗೆ, ಅಂಗನವಾಡಿ ಕಾರ್ಯಕರ್ತೆಗೆ ತಲುಪಿಸಿ. ನಿಮ್ಮ ಮಗುವಿನ ಜೊತೆ ಆಡುವ ಮಕ್ಕಳ ತಂದೆ ತಾಯಿಯರ ಸಹಿಯೂ ಅದರಲ್ಲಿರಲಿ.