ಕಲ್ಲಿದ್ದಲನ್ನು ಕಾಯಿಸಿ ಫ್ರೀ ರ‍್ಯಾಡಿಕಲ್‌ಗಳನ್ನು ಅಳೆಯುವ ಕ್ರಮ

ಕಲ್ಲಿದ್ದಲಿನಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತ ಫ್ರೀ ರ‍್ಯಾಡಿಕಲ್‌ಗಳು ಸಹಜವಾಗಿಯೇ ಇರುತ್ತವೆ. ಕಾಯಿಸಿದಾಗ ಅವುಗಳ ಸಂಖ್ಯೆ ಹೇಗೆ ಏರಿಳಿಯುತ್ತದೆಂಬುದನ್ನು ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ಅನುರಣನ) ಉಪಕರಣ ತೋರಿಸುತ್ತದೆ. ಆದರೆ ಸಿಂಗರೇಣಿಯಂಥ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹಲವೊಮ್ಮೆ ಶೇ 30ನ್ನು ಮೀರುವುದರಿಂದ, ಇಂಗಾಲದ ಸಂಕೇತವನ್ನು ಖನಿಜಗಳ ಸಂಕೇತದಿಂದ ಬೇರ್ಪಡಿಸದೆ ಬರೆದ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಮಾದರಿಯನ್ನು ನುಣ್ಣಗೆ ಪುಡಿಮಾಡಿ ಎರಡು ಪಾಲು ಮಾಡಿಕೊಳ್ಳಿ. ಒಂದನ್ನು ಬೆಚ್ಚಗಿನ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು ಒಣಗಿಸಿದರೆ ಕಾರ್ಬೊನೇಟ್ ಖನಿಜಗಳು ಹೋಗುತ್ತವೆ. ಜೇಡಿ ಖನಿಜಗಳೂ ಪೈರೈಟೂ ಉಳಿಯುತ್ತವೆ. ಇನ್ನೊಂದನ್ನು ಹೋಲಿಕೆಗಾಗಿ ಹಾಗೆಯೇ ಇಡಿ. ಪ್ರತಿ ತಾಪಮಾನಕ್ಕೂ ಹೊಸ ಮಾದರಿಯನ್ನೇ ಬಳಸಿ, ಕಾಯಿಸುವ ವೇಗ ಮತ್ತು ಅವಧಿಯನ್ನು ಬದಲಿಸದೆ, ಸಾರಜನಕದ ಹರಿವಿನಲ್ಲಿ ಕಾಯಿಸಿ. ಬಾಯಿ ಮುಚ್ಚಿದ ಕೊಳವೆಯಲ್ಲಿ ಕಾಯಿಸಲೇಬಾರದು: ಹೊರಬರುವ ಅನಿಲಗಳ ಒತ್ತಡಕ್ಕೆ ಅದು ಸಿಡಿಯಬಹುದು. ತಣಿದ ಮೇಲೆ ಕ್ವಾರ್ಟ್ಜ್ ಕೊಳವೆಗೆ ತುಂಬಿ, ಗಾಳಿಯನ್ನು ಪಂಪಿನಿಂದ ತೆಗೆದು ಮುಚ್ಚಿ. ಆಮ್ಲಜನಕ ತಾನೇ ಕಾಂತೀಯವಾದ್ದರಿಂದ ಸಂಕೇತದ ರೇಖೆಯನ್ನು ಅಗಲಗೊಳಿಸುತ್ತದೆ.

ಸುಮಾರು 9.5 ಗಿಗಾಹರ್ಟ್ಸ್‌ನಲ್ಲಿ ಅಳೆಯುವಾಗ ಕಲ್ಲಿದ್ದಲಿನ ರೇಖೆ 340 ಮಿಲಿಟೆಸ್ಲಾ ಆಸುಪಾಸಿನಲ್ಲಿ, 2.003ರ ಹತ್ತಿರದ ಜಿ-ಮೌಲ್ಯದಲ್ಲಿ (ಆವರ್ತನ ಯಾವುದಿದ್ದರೂ ರೇಖೆಯ ಸ್ಥಾನವನ್ನು ಗುರುತಿಸುವ ಸಂಖ್ಯೆ) ಕಾಣುತ್ತದೆ. ಮೈಕ್ರೋವೇವ್ ಶಕ್ತಿಯನ್ನು ಕಡಿಮೆ ಇಡಿ, ಇಲ್ಲದಿದ್ದರೆ ಸಂಕೇತ ಪರ್ಯಾಪ್ತಗೊಂಡು, ಅಂದರೆ ಶಕ್ತಿಗೆ ತಕ್ಕಂತೆ ಬೆಳೆಯದೆ, ಎಣಿಕೆ ತಗ್ಗುತ್ತದೆ. ಕ್ಯಾಲ್ಸೈಟಿನಲ್ಲಿ ಮ್ಯಾಂಗನೀಸ್ ಬೆರೆತಿದ್ದರೆ ಆರು ರೇಖೆಗಳು ಮೂಡುತ್ತವೆ. ಇಂಗಾಲದ ರೇಖೆ ಅವುಗಳ ಮೂರನೆಯ ಮತ್ತು ನಾಲ್ಕನೆಯ ರೇಖೆಗಳ ನಡುವೆ ನಿಲ್ಲುವುದರಿಂದ ಗುರುತಿಸುವುದು ಕಷ್ಟವಲ್ಲ.

ನಿಜವಾದ ತೊಡಕು ಕಬ್ಬಿಣದ್ದು. ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸಿಡೆರೈಟ್ ಒಡೆದು ಮ್ಯಾಗ್ನೆಟೈಟನ್ನೂ, ಪೈರೈಟ್ ಗಂಧಕ ಕಳೆದುಕೊಂಡು ಪಿರ್ಹೊಟೈಟನ್ನೂ ಕೊಡಬಲ್ಲವು; ಇವುಗಳ ಭಾರೀ ಅಗಲದ ಸಂಕೇತ ಆಧಾರರೇಖೆಯನ್ನೇ ವಾಲಿಸುತ್ತದೆ. ಹಾಗಾದಾಗ ಸ್ಪಿನ್‌ಗಳ ಎಣಿಕೆಗಾಗಿ ಇಡೀ ರೋಹಿತವನ್ನು ಎರಡು ಬಾರಿ ಸಮಾಕಲನ (ಇಂಟಿಗ್ರೇಶನ್) ಮಾಡದೆ, ವಾಲಿದ ಆಧಾರವನ್ನು ಕಳೆದು ಕಿರಿದಾದ ರೇಖೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ದುರದೃಷ್ಟವಶಾತ್, ರ‍್ಯಾಡಿಕಲ್‌ಗಳೂ ಹೆಚ್ಚುವುದು ಇದೇ ವಲಯದಲ್ಲಿ. ಸುಮಾರು 300 ಡಿಗ್ರಿಯವರೆಗೆ ಬದಲಾವಣೆ ಅಲ್ಪ. 350–400ರ ಬಳಿಕ ಬಂಧಗಳು ಮುರಿದು ಸಂಖ್ಯೆ ಏರಿ, 500–600ರ ನಡುವೆ ಸಾಮಾನ್ಯವಾಗಿ ಗರಿಷ್ಠ ಮುಟ್ಟುತ್ತದೆ. ಆಚೆಗೆ ಇಂಗಾಲದ ಪದರಗಳು ಬೆಸೆದು ವಿದ್ಯುತ್ ಹರಿಸತೊಡಗುವುದರಿಂದ ಸಂಕೇತ ಕುಸಿಯುತ್ತದೆ. ಬಾಷ್ಪಶೀಲ ಅಂಶ ಹೊರಟುಹೋಗಿ ತೂಕ ಇಳಿದಷ್ಟಕ್ಕೇ ಗ್ರಾಂವಾರು ಸಂಖ್ಯೆ ಏರಿದಂತೆ ಕಾಣುವುದರಿಂದ, ಬೂದಿ ಕಳೆದ ಮೂಲ ತೂಕಕ್ಕೂ ಲೆಕ್ಕ ಹಾಕಿ.

ಬಿಸಿಯಲ್ಲೇ ಅಳೆಯುವವರು, ನಿರಪೇಕ್ಷ ತಾಪಮಾನ ಏರಿದಂತೆ ಸಂಕೇತ ಅದೇ ಪ್ರಮಾಣದಲ್ಲಿ ತಗ್ಗುತ್ತದೆನ್ನುವ ಕ್ಯೂರಿ ನಿಯಮವನ್ನು ಅನ್ವಯಿಸಬೇಕು: ಅಷ್ಟೇ ಸ್ಪಿನ್‌ಗಳು (ಜೋಡಿಯಿಲ್ಲದ ಎಲೆಕ್ಟ್ರಾನ್‌ಗಳು) 500 ಡಿಗ್ರಿಯಲ್ಲಿ, 25 ಡಿಗ್ರಿಗಿಂತ ಸುಮಾರು 2.6 ಪಟ್ಟು ಕ್ಷೀಣ ಸಂಕೇತ ಕೊಡುತ್ತವೆ.